ಬೀಗರ ಮರ್ಯಾದೆಗೆ ಕಲಿತ ಗಾಲ್ಫು

ರಿಟೈರಾದವನ ಬದುಕಿನಲ್ಲಿ ಏನೂ ನಡೆಯುವುದಿಲ್ಲ ಎಂದು ಯಾವ ಪುಣ್ಯಾತ್ಮ ಹೇಳಿದನೋ ಗೊತ್ತಿಲ್ಲ. ಕೆಲಸದಲ್ಲಿದ್ದಾಗ ನನಗೆ ಬರೀ ತಾಪತ್ರಯಗಳು ಬರುತ್ತಿದ್ದವು, ರಿಟೈರಾದ ಮೇಲೆ ಪ್ರಸಂಗಗಳು ಬರತೊಡಗಿದವು. ಜಯನಗರದ ನಮ್ಮ ರಸ್ತೆಯಲ್ಲಿ ಸುಮ್ಮನೆ ಗೇಟಿನ ಬಳಿ ನಿಂತರೂ ಏನಾದರೊಂದು ಆಗಿಬಿಡುತ್ತದೆ. ಅಂಥದ್ದರಲ್ಲಿ ನಾನು ಗಾಲ್ಫ್ ಕಲಿಯಲು ಹೊರಟರೆ ಕೇಳಬೇಕೆ? ಮಗಳ ಮದುವೆಯಾಗಿ ವರ್ಷಗಳೇ ಕಳೆದವು. ಅದಕ್ಕೆ ಮುಂಚಿನ ಆ ಒಂದು ತಿಂಗಳು ನೆನಪಾದರೆ ಈಗಲೂ ಒಬ್ಬನೇ ಕೂತು ನಗುತ್ತೇನೆ. ನಕ್ಕ ಮೇಲೆ, ಆ ದಿನಗಳು ಇನ್ನೊಮ್ಮೆ ಬರಬಾರದೇ ಅನ್ನಿಸುತ್ತದೆ.

ಕೇಸರಿಬಾತಿನ ಮುಂದೆ

ಗಿರಿನಗರದಿಂದ ಹುಡುಗನ ಮನೆಯವರು ಬಂದಿದ್ದರು. ಹುಡುಗ ಹುಡುಗಿ ಮೊದಲೇ ಒಪ್ಪಿಕೊಂಡಾಗಿತ್ತು, ದೊಡ್ಡವರು ಹೂಂ ಅನ್ನುವುದಷ್ಟೇ ಬಾಕಿ. ಉಪ್ಪಿಟ್ಟು, ಕೇಸರಿಬಾತು ಬಂತು. ಮಾತೆಲ್ಲ ಖರ್ಚಾಗಿ ಎಲ್ಲರೂ ಫ್ಯಾನು ನೋಡುತ್ತಿದ್ದಾಗ ಹುಡುಗನ ತಾಯಿ, "ನಮ್ಮೆಜಮಾನ್ರು ಗಾಲ್ಫ್ ಆಡ್ತಾರೆ" ಎಂದರು. ಹುಡುಗನ ತಂದೆ, ರಿಟೈರಾದ ಆಡಿಟರು, ತಟ್ಟೆಯಲ್ಲಿ ದ್ರಾಕ್ಷಿ ಹುಡುಕುತ್ತಾ ತಲೆ ತಗ್ಗಿಸಿದರು. ಎಂಥ ವಿನಯ ಅಂದುಕೊಂಡೆ.

"ನಮ್ಮನೆಯವ್ರೂ ಆಡ್ತಾರಲ್ಲ!" ಎಂದಳು ನನ್ನ ಹೆಂಡತಿ.

ನಾನು ಜೀವಮಾನವೆಲ್ಲ ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡಿದವನು. ಗಾಲ್ಫ್ ಚೆಂಡನ್ನು ಮುಟ್ಟಿಯೂ ನೋಡಿರಲಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ನನ್ನ ತಟ್ಟೆಗೆ ಇನ್ನೊಂದು ಸೌಟು ಕೇಸರಿಬಾತು ಹಾಕಿದಳು. ಅದರರ್ಥ ಮದುವೆಯಾದ ಗಂಡಸರಿಗೆಲ್ಲ ಗೊತ್ತು. ಹುಡುಗನ ತಾಯಿ ಖುಷಿಯಾಗಿ, "ಹಾಗಾದ್ರೆ ನಿಶ್ಚಿತಾರ್ಥಕ್ಕೆ ಮುಂಚೆ ಬೀಗರಿಬ್ಬರೂ ಒಂದ್ಸಲ ಆಡ್ಲಿ" ಎಂದು ತೀರ್ಮಾನವನ್ನೇ ಕೊಟ್ಟುಬಿಟ್ಟರು.

ಅವರು ಅತ್ತ ಹೋದ ಮೇಲೆ ಮಗಳು ಅಳುವುದೊಂದು ಬಾಕಿ. "ಅಪ್ಪ, ಅವರಪ್ಪಂಗೆ ಸುಳ್ಳು ಹೇಳೋರನ್ನ ಕಂಡ್ರೆ ಆಗಲ್ವಂತೆ. ಹಿಂದೆ ಒಂದು ಸಂಬಂಧಾನ ಇದೇ ಕಾರಣಕ್ಕೆ ಬಿಟ್ರಂತೆ. ನೀನೇನಾದ್ರೂ ಎಡವಟ್ಟು ಮಾಡ್ಕೊಂಡ್ರೆ ನನ್ನ ಕಥೆ ಮುಗೀತು."

ಅವಳ ಮುಖ ನೋಡಲಾಗಲಿಲ್ಲ. ಫೋನ್ ಮಾಡಿ ನಿಜ ಹೇಳಿಬಿಡುತ್ತೇನೆ ಎಂದು ಎದ್ದೆ. ಹೆಂಡತಿ ಫೋನು ಕಿತ್ತುಕೊಂಡಳು.

"ಕೂತ್ಕೊಳ್ರೀ. ಸುಳ್ಳು ಯಾಕಾಗತ್ತೆ? ಒಂದು ಕೋಲು, ಒಂದು ಬಾಲು, ಒಂದು ತೂತು. ತಿಂಗಳಿದೆ. ನೀವು ಕಲಿತುಬಿಟ್ರೆ ನಾನು ಹೇಳಿದ್ದು ನಿಜಾನೇ ಅಲ್ವಾ?"

ತಲೆ ಎತ್ತಬಾರದು

ಆಗ ಸಾರಕ್ಕಿಯ ಕಡೆ ಒಂದು ದೊಡ್ಡ ಖಾಲಿ ಜಾಗಕ್ಕೆ ಬಲೆ ಕಟ್ಟಿ ಗಾಲ್ಫ್ ಹೇಳಿಕೊಡುತ್ತಿದ್ದರು. ಈಗ ಅಲ್ಲಿ ಅಪಾರ್ಟ್‌ಮೆಂಟ್ ಎದ್ದಿದೆ. ಆ ಕಡೆ ಬಸ್ಸಿನಲ್ಲಿ ಹೋಗುವಾಗೆಲ್ಲ ನನ್ನ ಕತ್ತು ತಾನಾಗಿಯೇ ತಿರುಗುತ್ತದೆ.

ಕಲಿಸುತ್ತಿದ್ದವಳು ನನ್ನ ಮಗಳ ವಯಸ್ಸಿನ ಹುಡುಗಿ. ಕೋಲಿಗೆ ಕ್ಲಬ್ ಅನ್ನಬೇಕು ಎಂಬಲ್ಲಿಂದ ಪಾಠ ಶುರುವಾಯಿತು. ನಾನು ಹಿಡಿದುಕೊಂಡ ರೀತಿ ನೋಡಿ, "ಅಂಕಲ್, ಬಾವಿಯಿಂದ ನೀರು ಸೇದ್ತಿದ್ದೀರಾ? ಸ್ವಲ್ಪ ಸಡಿಲ ಬಿಡಿ" ಎಂದಳು. ಬಿಟ್ಟೆ. ಕ್ಲಬ್ ಕಾಲ ಮೇಲೆ ಬಿತ್ತು.

ಈ ಆಟದಲ್ಲಿ ಕಮ್ಮಿ ಸಲ ಹೊಡೆದು ಚೆಂಡನ್ನು ಗುಳಿಗೆ ಹಾಕಿದವನೇ ಗೆದ್ದವನು ಎಂದಾಗ ನನಗೆ ಜೀವ ಬಂತು. ನಾನು ಬೀಸಿದ್ದು ಒಂದೂ ತಾಗಿರಲಿಲ್ಲ, ಹಾಗಾಗಿ ನನ್ನ ಲೆಕ್ಕ ಸೊನ್ನೆಯಲ್ಲವೇ ಎಂದೆ. "ಹೊಡೀಬೇಕು ಅಂತ ಬೀಸಿದ್ರೆ ಗಾಳಿಗೆ ಹೊಡೆದ್ರೂ ಲೆಕ್ಕಾನೇ ಅಂಕಲ್" ಎಂದು ಆ ಜೀವವನ್ನೂ ತೆಗೆದಳು.

ಮುಖ್ಯ ನಿಯಮ ಒಂದೇ, ಹೊಡೆದ ಮೇಲೂ ತಲೆ ಎತ್ತಬಾರದು. ನಾನು ಗದ್ದ ಎದೆಗೊತ್ತಿ ಬಲವಾಗಿ ಬೀಸಿದೆ. ತಲೆ ಎತ್ತದೆ ಹಾಗೆಯೇ ನಿಂತು ಕೇಳಿದೆ, "ಎಲ್ಲಿಗೆ ಹೋಯ್ತಮ್ಮ?"

"ಎಲ್ಲೂ ಹೋಗಿಲ್ಲ ಅಂಕಲ್, ಅಲ್ಲೇ ಇದೆ. ನೀವು ಅದನ್ನೇ ನೋಡ್ತಾ ಇದ್ದೀರಲ್ಲ?"

"ನೀನು ತಲೆ ಎತ್ತಬೇಡಿ ಅಂದೆ. ಕಣ್ಣು ಬಿಟ್ಟಿರಬೇಕು ಅಂತ ಎಲ್ಲಿ ಹೇಳಿದೆ?"

ಟೆರೇಸಿನ ಮೇಲೆ

ಮನೆಯಲ್ಲೂ ಅಭ್ಯಾಸ ಬೇಕಲ್ಲ. ಛತ್ರಿ ತೆಗೆದುಕೊಂಡು ಟೆರೇಸಿನಲ್ಲಿ ಬೀಸುತ್ತಿದ್ದೆ. ಪಕ್ಕದ ಮನೆಯ ಆಂಟಿ ತಮ್ಮ ಟೆರೇಸಿನಿಂದ ನೋಡಿ, "ಸಾರ್, ನಿಮ್ಮನೆಗೂ ಬಂದ್ವಾ ಕೋತಿ? ನಾನು ಹಪ್ಪಳ ಒಣಗಿಸಿದ್ದೀನಿ, ಇಲ್ಲೂ ಸ್ವಲ್ಪ ಓಡಿಸಿ" ಎಂದರು. ಗಾಲ್ಫ್ ಎಂದರೆ ಸಂಜೆಯೊಳಗೆ ಗಿರಿನಗರಕ್ಕೆ ಸುದ್ದಿ ಮುಟ್ಟುತ್ತದೆ. ಕೋತಿಯೇ ವಾಸಿ ಎಂದು ಅವರ ಟೆರೇಸಿಗೆ ಹೋದೆ.

ಅಲ್ಲಿಂದಾಚೆ ದಿನಾ ಬೆಳಿಗ್ಗೆ ನನ್ನ ಅಭ್ಯಾಸ ಅವರ ಹಪ್ಪಳದ ಕಾವಲಿನಲ್ಲಿ. ಕೆಳಗಿಳಿಯುವಾಗ ಕಾಫಿ ಕೊಡುತ್ತಿದ್ದರು. ಅವರು ಈಗಿಲ್ಲ. ಆ ಕಾಫಿಯ ಘಮ ಮಾತ್ರ ಇನ್ನೂ ಮೂಗಿನಲ್ಲಿದೆ. ಒಂದು ದಿನ ಅವರು ತರಕಾರಿ ಗಾಡಿಯ ಮುಂದೆ ನನ್ನ ಹೆಂಡತಿಗೆ ಸರ್ಟಿಫಿಕೇಟ್ ಕೊಟ್ಟರು: "ನಿಮ್ಮೆಜಮಾನ್ರ ಏಟು ಒಂದೂ ತಾಗಲ್ಲ ಬಿಡಿ. ಆದ್ರೆ ಆ ಅವತಾರ ನೋಡಿ ಕೋತಿಗಳೇ ಹೆದರಿಕೊಂಡಿವೆ!"

ಅಳತೆ

ಒಂದು ದಿನ ಏನಾಯಿತೋ, ಚೆಂಡು ಠಣ್ಣೆಂದು ತಾಗಿ ಆಕಾಶಕ್ಕೆ ಹಾರಿತು. ಫಿಸಿಕ್ಸ್ ಪುಸ್ತಕದಲ್ಲಿ ನಾನು ಬರೆಸುತ್ತಿದ್ದ ಕಮಾನು ಕಣ್ಣೆದುರಿಗೇ ಮೂಡಿತು. ಆ ಕ್ಷಣದಲ್ಲಿ ನಾನು ಅಜ್ಜನಾಗುವ ವಯಸ್ಸಿನವನು ಎಂಬುದು ಮರೆತೇಹೋಯಿತು.

ನಾವು ಹುಡುಗರಾಗಿದ್ದಾಗ ಜಯನಗರದಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಸ್ಕೂಲು ಬಿಟ್ಟರೆ ಚಿನ್ನಿದಾಂಡು. ಚಿನ್ನಿಯನ್ನು ಚಿಮ್ಮಿಸಿ ಹೊಡೆದು, ಬಿದ್ದ ಜಾಗದವರೆಗೆ ದಾಂಡಿನಲ್ಲಿ ಅಳೆಯಬೇಕು. ಅಳತೆಯಲ್ಲಿ ಮೋಸ ಮಾಡಿದರೆ ಜಗಳ. ಅಮ್ಮ ಕೂಗುವವರೆಗೂ ಅಳತೆ, ಜಗಳ, ಮತ್ತೆ ಅಳತೆ. ಎಷ್ಟು ಸುಖವಾಗಿದ್ದೆವು!

ಚೆಂಡು ಬಿದ್ದದ್ದೇ ತಡ, ನಾನು ಬಗ್ಗಿ ಕ್ಲಬ್ಬನ್ನು ನೆಲಕ್ಕಿಟ್ಟು, ಮಗುಚಿ ಮಗುಚಿ ಅಳೆಯುತ್ತಾ ಮೈದಾನಕ್ಕೆ ನಡೆದೇಬಿಟ್ಟೆ. ಆ ಕಡೆ ಈ ಕಡೆ ಚೆಂಡುಗಳು ಬಂದು ಬೀಳುತ್ತಿವೆ. ಹಿಂದೆ ಗಲಾಟೆಯೋ ಗಲಾಟೆ. "ಎಲ್ರೂ ನಿಲ್ಲಿಸಿ! ಅಂಕಲ್, ವಾಪಸ್ ಬನ್ನಿ! ದೂರ ನೋಡೋಕೆ ಅಲ್ಲಿ ಬೋರ್ಡಿದೆ!" ಎಂದು ಹುಡುಗಿ ಕಿರುಚುತ್ತಾ ಓಡಿಬಂದಳು.

ನಾನು ತಲೆ ಎತ್ತದೆ ಹೇಳಿದೆ, "ತಡಿಯಮ್ಮ, ಮಾತಾಡಿಸಿದ್ರೆ ಲೆಕ್ಕ ತಪ್ಪತ್ತೆ!"

ಬೀಗರ ಜೊತೆ

ಆ ದಿನ ಬಂದೇ ಬಂತು. ಹುಡುಗನ ಚಿಕ್ಕಪ್ಪ ಊರಾಚೆಯ ಒಂದು ಗಾಲ್ಫ್ ಮೈದಾನದ ಸದಸ್ಯರು. ನಮ್ಮಿಬ್ಬರನ್ನು ಒಳಗೆ ಬಿಟ್ಟು, ಜೊತೆಗೆ ಬಂದಿದ್ದ ನಮ್ಮ ಹೆಂಡಂದಿರೊಂದಿಗೆ ಕಾಫಿಗೆ ಹೋದರು. ಮಗಳು ಬೆಳಿಗ್ಗೆ ನನ್ನ ಕಾಲಿಗೆ ನಮಸ್ಕಾರ ಮಾಡಿ ಕಳಿಸಿದ್ದಳು. ಹುಟ್ಟಿದಹಬ್ಬಕ್ಕೂ ಮಾಡದವಳು.

ಬೀಗರು ಬ್ಯಾಗ್ ತೆರೆದರು. ಒಂದೊಂದು ಕ್ಲಬ್ಬಿಗೂ ವಿಭೂತಿ, ಕುಂಕುಮ! ಆಯುಧದ ಮೇಲೆ ಇಷ್ಟು ಭಕ್ತಿಯಿರುವ ಆಟಗಾರನ ಮುಂದೆ ನಾನೆಲ್ಲಿ ಎಂದು ಒಂದು ಹೆಜ್ಜೆ ಹಿಂದೆ ಸರಿದೆ.

"ನೀವು ಮೊದಲು, ಸಾರ್" ಎಂದರು ಅವರು.

"ಅಯ್ಯೋ, ಉಂಟೇ? ಗಂಡಿನ ಕಡೆಯವರು ನೀವು, ಮೊದಲು ನೀವು."

ಕೊನೆಗೆ ಅವರೇ ಬೀಸಿದರು. ಹುಲ್ಲು ಹಾರಿತು, ಚೆಂಡು ಕೂತೇ ಇತ್ತು. ಇಷ್ಟು ದೊಡ್ಡ ಆಟಗಾರ ತಪ್ಪುವುದುಂಟೇ? ನನಗೆ ಮುಜುಗರವಾಗದಿರಲಿ ಎಂದು ಬೇಕಂತಲೇ ಬಿಟ್ಟಿದ್ದಾರೆ ಅಂದುಕೊಂಡೆ. ನಾನು ಬೀಸಿದೆ. ನನ್ನದೂ ಕೂತೇ ಇತ್ತು. "ಭೇಷ್!" ಎಂದರು ಅವರು, ಕೃತಜ್ಞತೆ ತುಂಬಿದ ದನಿಯಲ್ಲಿ. ಹೀಗೆ ಒಬ್ಬರಿಗೊಬ್ಬರು ಭೇಷ್ ಹೇಳುತ್ತಾ, ಪೊದೆ ಹೊಕ್ಕು, ಮರಳು ಹೊಕ್ಕು, ಹೇಗೋ ಗುಳಿಯ ಹತ್ತಿರ ಮುಟ್ಟಿದೆವು. ಹಿಂದೆ ಆಡಲು ಬಂದವರು ಸಾಲುಗಟ್ಟಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು.

ಎರಡೂ ಚೆಂಡು ಗುಳಿಯಿಂದ ಒಂದು ಮೊಳ ದೂರ. ಅವರು ತಳ್ಳಿದರೆ ಎಡಕ್ಕೆ ಹೋಯಿತು. ನಾನು ತಳ್ಳಿದರೆ ಬಲಕ್ಕೆ. ಮತ್ತೆ ಅವರು, ಮತ್ತೆ ನಾನು. ಗುಳಿಗೆ ಪ್ರದಕ್ಷಿಣೆ ನಡೆಯಿತೇ ಹೊರತು ಒಂದೂ ಒಳಗೆ ಬೀಳಲಿಲ್ಲ. ಬೀಗರ ಕಣ್ಣು ತುಂಬಿಬಂತು. ನನ್ನ ಕೈ ಹಿಡಿದು, "ಸಾರ್, ನನಗೋಸ್ಕರ ಬೇಕಂತಲೇ ಸೋಲ್ತಾ ಇದ್ದೀರಲ್ಲ! ಎಂಥಾ ದೊಡ್ಡ ಮನಸ್ಸು ನಿಮ್ದು!" ಎಂದರು.

ಹೂಂ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಮಗಳ ಮುಖ ಕಣ್ಣ ಮುಂದೆ ಬಂತು. ಸುಳ್ಳಿನ ಮೇಲೆ ಅವಳನ್ನು ಆ ಮನೆಗೆ ಕಳಿಸಲು ಮನಸ್ಸು ಒಪ್ಪಲಿಲ್ಲ. ಆದದ್ದಾಗಲಿ ಎಂದು ಹೇಳಿಬಿಟ್ಟೆ. "ಬೇಕಂತ ಅಲ್ಲ ಸಾರ್. ನಂಗೆ ಬರೋದೇ ಇಷ್ಟು. ನಮ್ಮನೆಯವಳು ಅವತ್ತು ಹೇಳಿಬಿಟ್ಳು ಅಂತ ಈ ತಿಂಗಳು ಕಲಿತೆ."

ಬೀಗರು ನನ್ನನ್ನೇ ನೋಡಿದರು. ಕ್ಲಬ್ ಕೆಳಗಿಟ್ಟರು. ಹುಲ್ಲಿನ ಮೇಲೆ ದೊಪ್ಪೆಂದು ಕೂತು, ಹೊಟ್ಟೆ ಹಿಡಿದುಕೊಂಡು ನಗಲು ಶುರುಮಾಡಿದರು.

"ಸಾರ್, ನಮ್ಮನೆಯವಳೂ ಹಾಗೇ ಹೇಳಿದ್ದು! ಈ ಹೊಸ ಕೋಲುಗಳಿಗೆ ನಿನ್ನೆ ತಾನೇ ಪೂಜೆ ಮಾಡಿಸ್ದೆ. ತಿಂಗಳಿಂದ ನಿದ್ದೆ ಇಲ್ಲ ಸಾರ್ ನಂಗೆ!"

ನಾನೂ ಪಕ್ಕದಲ್ಲಿ ಕುಸಿದೆ. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಹಿಂದಿನಿಂದ ಯಾರೋ, "ಅಂಕಲ್, ನಗೋದಾದ್ರೆ ಪಕ್ಕಕ್ಕೆ ಬಂದು ನಗಿ!" ಎಂದು ಕೂಗಿದರು. ಬೀಗರು ಎದ್ದರು. ಕಣ್ಣೊರೆಸಿಕೊಂಡು, ತಮ್ಮ ಚೆಂಡನ್ನು ಕೈಯಲ್ಲೇ ಎತ್ತಿ ಗುಳಿಗೆ ಹಾಕಿದರು. "ನೀವೂ ಹಾಕ್ಬಿಡಿ, ಜನ ಕಾಯ್ತಿದ್ದಾರೆ" ಎಂದರು. ನಾನೂ ಹಾಕಿದೆ. ಸಾಲಿನಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು.

ಚಪ್ಪಾಳೆ ಕೇಳಿ ಹೆಂಗಸರಿಬ್ಬರೂ ಓಡೋಡಿ ಬಂದರು. "ಏನಾಯ್ತು? ಯಾರು ಗೆದ್ರು?"

ಸುಳ್ಳು ಕಂಡರಾಗದ ನಮ್ಮ ಬೀಗರು ಒಂದಕ್ಷರವೂ ಸುಳ್ಳು ಹೇಳಲಿಲ್ಲ. ಗಂಭೀರವಾಗಿ ಅಂದರು: "ಏನು ಹೇಳೋದು, ಕೊನೇಲಿ ಇಬ್ಬರ ಕೈಚಳಕಾನೂ ನೋಡ್ಬೇಕಿತ್ತು. ಗುರಿ ಒಂದಿಷ್ಟೂ ತಪ್ಪಲಿಲ್ಲ!"