ಅತ್ತಿಗೆಯ ಕಡಲಪಾಚಿ, ಅಮ್ಮನ ಬಸ್ಸಾರು

ನಮ್ಮ ಅತ್ತಿಗೆಗೆ ತಲೆ ಸರಿಯಿಲ್ಲ ಎಂದು ನಾನು ಹೇಳುವುದಿಲ್ಲ. ನೀವೇ ತೀರ್ಮಾನಿಸಿ! ಅವರು ಕಡಲಪಾಚಿಯ ವಿಜ್ಞಾನಿ. ಇರುವುದು ಮಾತ್ರ ಮಿಷಿಗನ್ನಿನ ವೆಸ್ಟ್ ಬ್ಲೂಮ್‌ಫೀಲ್ಡ್‌ನಲ್ಲಿ. ಅಲ್ಲಿಂದ ಕಡಲಿಗೆ ಕಾರಿನಲ್ಲಿ ಎರಡು ದಿನ! ಕೇಳಿದರೆ, "ಪಾಚಿ ಅಲ್ಲಿದೆ, ನಿಮ್ಮಣ್ಣ ಇಲ್ಲಿದಾರೆ. ಇಬ್ರನ್ನೂ ಒಂದೇ ಕಡೆ ಇಡಕ್ಕಾಗತ್ತಾ?" ಎನ್ನುತ್ತಾರೆ.

ಬೇಸಿಗೆಗೊಮ್ಮೆ ಮೇಯ್ನ್ ರಾಜ್ಯದ ಕಡಲತೀರಕ್ಕೆ ಹೋಗಿ ಐಸ್ ಪೆಟ್ಟಿಗೆ ತುಂಬಾ ಪಾಚಿ ತರುತ್ತಾರೆ. ಒಂದೊಂದನ್ನೂ ಟ್ರೇ ನೀರಿನಲ್ಲಿ ತೇಲಿಸಿ, ಅಡಿಯಿಂದ ದಪ್ಪ ಕಾಗದ ತೂರಿಸಿ ಎತ್ತಿ, ಅಣ್ಣನ ಹಳೇ ಪಂಚೆಯ ತುಂಡು ಹೊದಿಸಿ, ಮೇಲೆ ಹಲಗೆಯಿಟ್ಟು ಭಾರ ಹೇರಿ ಒಣಗಿಸಬೇಕು. ಭಾರಕ್ಕೆ ಏನು? ಹಿಟ್ಟು ರುಬ್ಬುವ ಗ್ರೈಂಡರ್. ಅದು ಸಾಲದಿದ್ದರೆ ಮನೆಗೆ ಬಂದವರು! "ಬಾ, ಆ ಹಲಗೆ ಮೇಲೆ ಕೂತ್ಕೋ. ನಿನ್ ತೂಕ ಕರೆಕ್ಟಾಗಿದೆ" ಎಂಬುದೇ ನನಗೆ ಸಿಗುವ ಸ್ವಾಗತ. ಒಣಗಿದ ಮೇಲೆ ಚೀಟಿ ಅಂಟಿಸುತ್ತಾರೆ: ಎಲ್ಲಿ, ಯಾವಾಗ, ಕಿತ್ತವರು ಯಾರು. ಈ ಮೂರೂ ಇಲ್ಲದ ಪಾಚಿ ಬರೀ ಕಸವಂತೆ.

ಒಂದು ಬೇಸಿಗೆ ನಮ್ಮಮ್ಮ ಮೈಸೂರಿನಿಂದ ಬಂದು ಅಲ್ಲಿದ್ದರು. ಒಣಗಿಸಲೆಂದು ಫ್ರಿಜ್‌ನಲ್ಲಿಟ್ಟಿದ್ದ ಎಳೆಹಸಿರು ಪಾಚಿ ಅವರ ಕಣ್ಣಿಗೆ ಬಿತ್ತು. ಅಯ್ಯೋ, ಸೊಪ್ಪು ಕೆಟ್ಟುಹೋಗುತ್ತದಲ್ಲ ಎಂದು ತೊಳೆದು, ಹೆಚ್ಚಿ, ಬಸ್ಸಾರು ಮಾಡಿಬಿಟ್ಟರು! ಅಣ್ಣ ಎರಡು ಸಲ ಬಡಿಸಿಕೊಂಡ. ಅತ್ತಿಗೆ, "ಉಪ್ಪು ಹದವಾಗಿದೆ ಅತ್ತೆ" ಎಂದು ಹೊಗಳಿ ಉಂಡು, ಆಮೇಲೆ ಫ್ರಿಜ್ ತೆಗೆದರು. ಆ ವರ್ಷದ ಕೆಲಸವೆಲ್ಲ ಹೊಟ್ಟೆಯೊಳಗೆ!

ಮೂರು ದಿನ ಅತ್ತೆ ಸೊಸೆಗೆ ಮಾತಿಲ್ಲ. ಅಮ್ಮ ನನಗೆ ಫೋನ್ ಮಾಡಿದರು: "ಬಂದು ಕರ್ಕೊಂಡ್ ಹೋಗೇ. ಇನ್ನು ಈ ಮನೇಲಿ ಯಾವ ಮುಖ ಇಟ್ಕೊಂಡಿರ್ಲಿ?" ನಾನಿರುವ ಗ್ಲೆಂಡೇಲ್ ಹೈಟ್ಸ್‌ನಿಂದ ಅಲ್ಲಿಗೆ ಐದು ಗಂಟೆ ಡ್ರೈವ್. ದಾರಿಯುದ್ದಕ್ಕೂ ನನಗೆ ಒಂದೇ ಭಯ. ಅಮ್ಮ ಹೀಗೆ ನೊಂದುಕೊಂಡೇ ಊರಿಗೆ ಹೋದರೆ ಮತ್ತೆ ಆ ಮನೆಗೆ ಕಾಲಿಡುವುದಿಲ್ಲ.

ಹೋಗಿ ನೋಡಿದರೆ ಅಣ್ಣ ಒಬ್ಬನೇ!

"ಅಮ್ಮ ಎಲ್ಲಣ್ಣಾ?"

"ಮೇಯ್ನ್‌ಗೆ ಹೋದ್ರು. ಬೆಳಿಗ್ಗೆ ನಿಮ್ಮತ್ತಿಗೆ ಕಾರ್ ತೆಗೆದು, 'ಅತ್ತೆ, ನೀವು ಬೇಯಿಸಿದ್ದನ್ನ ನೀವೇ ಕಿತ್ಕೊಡಿ, ಹತ್ತಿ' ಅಂದ್ಲು. ಅಮ್ಮ ಮೊಸರನ್ನದ ಡಬ್ಬಿ ಹಿಡ್ಕೊಂಡು ಹತ್ತೇಬಿಟ್ರು!"

ಅದೆಲ್ಲ ಹಳೇ ಮಾತು. ಈಗ ಅಮ್ಮ ತೀರಿಕೊಂಡೇ ಒಂದು ವರ್ಷವಾಯಿತು. ಮೊನ್ನೆ ಅತ್ತಿಗೆ ನಿವೃತ್ತರಾಗಿ, ಪಾಚಿ ಒಣಗಿಸಿಟ್ಟ ಹಾಳೆಗಳನ್ನೆಲ್ಲ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದರು. ಪೆಟ್ಟಿಗೆ ಹೊರಲು ನಾನೂ ಹೋಗಿದ್ದೆ. ಎಳೆಹಸಿರು ಪಾಚಿಯ ಒಂದು ಹಾಳೆ ಕೈಗೆ ಬಂತು. ಕಿತ್ತವರು ಎಂಬಲ್ಲಿ ಅಮ್ಮನ ಪೂರ್ತಿ ಹೆಸರು. ಅದರ ಕೆಳಗೆ, ಸಹಾಯಕಿ ಎಂದು ಬರೆದು, ಅತ್ತಿಗೆಯ ಹೆಸರು!

ನನಗೆ ಅಳು ತಡೆಯಲಾಗಲಿಲ್ಲ. ಅತ್ತಿಗೆ ಹಾಳೆಯನ್ನು ಮೆಲ್ಲಗೆ ನನ್ನ ಕೈಯಿಂದ ತೆಗೆದುಕೊಂಡರು.

"ಅತ್ತೆ ಸೀರೆ ಎತ್ತಿ ಕಟ್ಟಿ, ಮೊಣಕಾಲುದ್ದ ನೀರಿಗೆ ಇಳಿದಿದ್ರು ಕಣೇ. ನಾನು ಬರೀ ಕೈ ಹಿಡ್ಕೊಂಡಿದ್ದೆ."