ಫೆಲ್ಸಿ ಬಾಯಿಗೆ ಬಸ್ ಕಾರ್ಡು ಮಾಡಿಸಿಕೊಟ್ಟದ್ದು

ಮೂವತ್ತು ವರ್ಷ ಮಾಸ್ಟ್ರಾಗಿದ್ದವನ ನಿವೃತ್ತಿ ಸಂಬಳಕ್ಕೆ ಮಾತ್ರ ಬರುತ್ತದೆ, ನಾಲಗೆಗೆ ಬರುವುದಿಲ್ಲ. ಬೆಳಿಗ್ಗೆ ಏನಾದರೂ ಹೊಸತು ಕಲಿತರೆ ಸಂಜೆಯೊಳಗೆ ಅದನ್ನು ಇನ್ನೊಬ್ಬರಿಗೆ ಕಲಿಸದ ಹೊರತು ನನಗೆ ಉಂಡದ್ದು ಕರಗುವುದಿಲ್ಲ. ಮೊಬೈಲಿನಲ್ಲಿ ಕರೆಂಟ್ ಬಿಲ್ ಕಟ್ಟಲು ಕಲಿತ ಹೊಸತರಲ್ಲಿ ನಮ್ಮ ಓಣಿಯವರಿಗೆಲ್ಲ ಕಟ್ಟಿಕೊಡುತ್ತೇನೆಂದು ಹೊರಟು, ಒಬ್ಬರ ನಂಬರಿಗೆ ಇನ್ನೊಬ್ಬರದ್ದು ಕಟ್ಟಿ, ಎರಡು ಮನೆಗಳ ನಡುವೆ ಮಾತು ನಿಲ್ಲಿಸಿದವನು ನಾನು. "ನಿಮಗೆ ಗೊತ್ತಿಲ್ಲದ ವಿಷಯಗಳಿಂದ ಊರಿಗೆ ಏನೂ ತೊಂದರೆಯಿಲ್ಲ, ಗೊತ್ತಿರುವುದರಿಂದಲೇ ಭಯ" ಎಂದು ನನ್ನ ಹೆಂಡತಿ ವಸಂತಿ ಆಗ ಹೇಳಿದ್ದಳು. ನಾನು ನಕ್ಕೆ. ಈಗ ಹೇಳಹೊರಟಿರುವ ವಿಷಯದಲ್ಲಿ ಅವಳೂ ನಗಲಿಲ್ಲ, ನಾನೂ ನಗಲಿಲ್ಲ.

ನಮ್ಮ ಊರಿನ ಸಿಟಿ ಬಸ್ಸಿಗೆ ಕಾರ್ಡು ಬಂದ ಕಾಲ ಅದು. ದುಡ್ಡು ತುಂಬಿಸಿಟ್ಟು, ಕಂಡಕ್ಟರನ ಮೆಷಿನ್ನಿಗೆ ಮುಟ್ಟಿಸಿದರೆ ಸಾಕು, ಟಿಕೆಟು ಹೊರಗೆ ಬರುತ್ತದೆ. ಚಿಲ್ಲರೆಯ ಜಗಳವಿಲ್ಲ, ಹರಿದ ನೋಟಿನ ರಗಳೆಯಿಲ್ಲ. ಕಾವೂರಿನಿಂದ ಪೇಟೆಗೆ ದಿನವೂ ಟ್ಯೂಷನ್ ಹೇಳಲು ಹೋಗುವ ನಾನು ಮೊದಲ ವಾರದಲ್ಲೇ ಒಂದು ಕಾರ್ಡು ಮಾಡಿಸಿಕೊಂಡೆ. ಮಾಡಿಸಿಕೊಂಡವನು ಸುಮ್ಮನಿದ್ದೆನೇ? ಬಸ್‌ಸ್ಟಾಪಿನಲ್ಲಿ ನಿಂತವರಿಗೆಲ್ಲ ಅದರ ಮಹಿಮೆ ಹೇಳತೊಡಗಿದೆ. ನಮ್ಮ ರೂಟಿನ ಕಂಡಕ್ಟರ್ ಹರೀಶನಿಗಂತೂ, "ಇನ್ನು ನಿನ್ನ ಈ ಚರ್ಮದ ಚೀಲಕ್ಕೆ ಕೆಲಸವಿಲ್ಲ ಮಾರಾಯ, ಮ್ಯೂಸಿಯಮ್ಮಿಗೆ ಕೊಡು" ಎಂದು ತುಂಬಿದ ಬಸ್ಸಿನಲ್ಲಿ ಹೇಳಿ ನಗಿಸಿದ್ದೆ. ಅವನೂ ನಕ್ಕು, "ಆಯ್ತು ಮಾಸ್ಟ್ರೇ, ಈಗ ಪಿರ ಪೋಲೆ" ಎಂದು ನನ್ನನ್ನು ಹಿಂದಕ್ಕೆ ದೂಡಿದ್ದ.

ನಮ್ಮ ಎದುರು ಮನೆಯಲ್ಲಿ ಲಾರೆನ್ಸ್ ಪೊರ್ಬುಗಳೂ ಅವರ ಹೆಂಡತಿ ಫೆಲ್ಸಿ ಬಾಯಿಯೂ ಇದ್ದರು. ಪೊರ್ಬುಗಳು ಟೈಲರ್. ನನ್ನ ಮದುವೆಯ ಪ್ಯಾಂಟಿನಿಂದ ಹಿಡಿದು ನಿವೃತ್ತಿಯ ದಿನದ ಪ್ಯಾಂಟಿನವರೆಗೆ ಎಲ್ಲವನ್ನೂ ಹೊಲಿದವರು ಅವರೇ. ನನ್ನ ಸೊಂಟ ಯಾವ ವರ್ಷ ಎಷ್ಟು ಇಂಚು ಮುಂದುವರಿಯಿತು ಎಂಬುದನ್ನು ಬಲ್ಲ ಒಬ್ಬನೇ ಮನುಷ್ಯ, ಗೊತ್ತಿದ್ದರೂ ಯಾರಿಗೂ ಹೇಳದ ಮನುಷ್ಯ. ಫೆಲ್ಸಿ ಬಾಯಿ ಹಂಚಿನ ಕಾರ್ಖಾನೆಯಲ್ಲಿ ದುಡಿದವರು. ಮಕ್ಕಳಿಲ್ಲ. ಒಂದು ಲೋಟ ಸಕ್ಕರೆ ಕಡ ತೆಗೆದುಕೊಂಡರೂ ಮರುದಿನ ಲೋಟದ ಕಂಠದವರೆಗೆ ತುಂಬಿಸಿ ತಂದುಕೊಡುವ ಹೆಂಗಸು.

ಪೊರ್ಬುಗಳಿಗೆ ಪಾರ್ಶ್ವವಾಯು ಬಡಿದು ಪೇಟೆಯ ಆಸ್ಪತ್ರೆಗೆ ಸೇರಿಸಿದರು. ಫೆಲ್ಸಿ ಬಾಯಿ ದಿನಾ ಹನ್ನೊಂದರ ಬಸ್ಸಿಗೆ ಗಂಜಿ ತೆಗೆದುಕೊಂಡು ಹೋಗುತ್ತಿದ್ದರು. ಒಂದು ಕೈಯಲ್ಲಿ ಟಿಫಿನ್ ಕ್ಯಾರಿಯರ್, ಇನ್ನೊಂದರಲ್ಲಿ ಬಟ್ಟೆಯ ಚೀಲ, ಕಂಕುಳಲ್ಲಿ ಕೊಡೆ. ಅಷ್ಟರ ನಡುವೆ ಕರವಸ್ತ್ರದ ಗಂಟು ಬಿಚ್ಚಿ ನಾಣ್ಯ ತೆಗೆಯುವ ಅವರ ಪಾಡು ನೋಡಿ ನನ್ನ ನಾಲಗೆ ತುರಿಸಿತು.

"ಕಾರ್ಡು ಮಾಡಿಸಿ ಬಾಯಿ" ಎಂದೆ.

"ನನಗೆ ಅದೆಲ್ಲ ಎಂತಕ್ಕೆ ಮಾಸ್ಟ್ರೇ? ಪೈಸೆ ಕೈಯಲ್ಲಿ ಉಂಟಲ್ಲ."

"ಪೈಸೆ ಇಟ್ಟುಕೊಂಡು ಬಸ್ಸಿಗೆ ಹತ್ತುವ ಕಾಲ ಹೋಯಿತು. ನನ್ನ ಕಿಸೆ ನೋಡಿ, ಒಂದು ಪೈಸೆ ಇಲ್ಲ. ಕಾರ್ಡು ಮಾತ್ರ."

ಇದು ಶುದ್ಧ ಸುಳ್ಳು. ನನ್ನ ಒಳಕಿಸೆಯಲ್ಲಿ ವಸಂತಿ ಇಟ್ಟ ನೂರರ ಎರಡು ನೋಟು ಯಾವಾಗಲೂ ಇರುತ್ತಿದ್ದವು. ಆದರೆ ಪಾಠ ಮಾಡುವಾಗ ಉದಾಹರಣೆ ಚೆನ್ನಾಗಿರಬೇಕಷ್ಟೆ, ನಿಜವಾಗಿರಬೇಕೆಂದೇನೂ ಇಲ್ಲವಲ್ಲ! ನಾನೇ ಹೋಗಿ ಅವರಿಗೊಂದು ಕಾರ್ಡು ಮಾಡಿಸಿ, ದುಡ್ಡು ತುಂಬಿಸಿ, ಅದಕ್ಕೆ ದಾರ ಕಟ್ಟಿ ಕುತ್ತಿಗೆಗೆ ಹಾಕಿಕೊಳ್ಳುವಂತೆ ಮಾಡಿಕೊಟ್ಟೆ. ಕಾರ್ಡಿನ ದುಡ್ಡನ್ನು ಅವರು ಆವತ್ತೇ ಎಣಿಸಿ ಕೊಟ್ಟರು. ಎರಡು ವಾರ ಎಲ್ಲವೂ ಚೆನ್ನಾಗಿ ನಡೆಯಿತು. ಅವರು ಕರವಸ್ತ್ರಕ್ಕೆ ಗಂಟು ಹಾಕುವುದನ್ನೇ ಬಿಟ್ಟರು. ನಾನು ಹೆಮ್ಮೆಯಿಂದ ಬೀಗಿದೆ.

ಮೂರನೆಯ ವಾರ, ಒಂದು ಮಂಗಳವಾರ, ಬೇರೊಂದು ಕೆಲಸಕ್ಕೆ ಹೋಗಿದ್ದ ನಾನು ಕೆರೆಯ ಹತ್ತಿರದ ಸ್ಟಾಪಿನಲ್ಲಿ ಬಸ್ಸು ಹತ್ತಿ ಹಿಂದಿನ ಸೀಟಿನಲ್ಲಿ ಕುಳಿತಿದ್ದೆ. ಮುಂದಿನದು ನಮ್ಮ ಓಣಿಯ ಸ್ಟಾಪು, ಅಲ್ಲಿ ಫೆಲ್ಸಿ ಬಾಯಿ ಮುಂಬಾಗಿಲಿನಿಂದ ಹತ್ತಿದರು. ಗಂಜಿಯ ಕ್ಯಾರಿಯರ್ ಇರಲಿಲ್ಲ, ಎರಡು ಕೈಯಲ್ಲೂ ದೊಡ್ಡ ಚೀಲಗಳಿದ್ದವು. ಬಸ್ಸು ತುಂಬಿತ್ತು. ಯೆಯ್ಯಾಡಿ ಹತ್ತಿರವಾಗುವ ಹೊತ್ತಿಗೆ ಮುಂದಿನಿಂದ ಹರೀಶನ ಸ್ವರ ಕೇಳಿಸಿತು.

"ಬಾಯಿಅಮ್ಮ, ಮೆಷಿನ್ ಹಾಳಾಗಿ ಉಂಟು. ಇವತ್ತು ಕಾರ್ಡು ನಡೆಯುವುದಿಲ್ಲ. ಕ್ಯಾಶ್ ಕೊಡಿ."

"ಕ್ಯಾಶ್ ತರಲಿಲ್ಲವಲ್ಲ ಮಗಾ. ಇದರಲ್ಲಿ ದುಡ್ಡು ಉಂಟು, ಮಾಸ್ಟ್ರು ಹಾಕಿ ಕೊಟ್ಟದ್ದು."

ಮುಂದಿನ ಸೀಟಿನಲ್ಲಿ ಯಾರೋ ಕಿಸಕ್ಕೆಂದರು. "ನಾನು ಕೊಡ್ತೇನೆ ಆಂಟಿ" ಎಂದು ಕಾಲೇಜು ಹುಡುಗಿಯೊಬ್ಬಳು ಪರ್ಸು ತೆಗೆದಳು. "ಬೇಡ ಮಗಾ, ಗುರ್ತ ಇಲ್ಲದವರ ಹತ್ತಿರ ತೆಗೆದುಕೊಂಡರೆ ವಾಪಸು ಎಲ್ಲಿ ತಂದು ಕೊಡುವುದು?" ಎಂದರು ಫೆಲ್ಸಿ ಬಾಯಿ.

ಗುರುತಿದ್ದವನು ಹಿಂದೆ ಕುಳಿತಿದ್ದ. ಒಳಕಿಸೆಯ ನೋಟುಗಳು ಎದೆಗೆ ಒತ್ತುತ್ತಿದ್ದವು. ಏಳಬೇಕು, ಎರಡು ಹೆಜ್ಜೆ ಮುಂದೆ ಹೋಗಿ "ಹರೀಶ, ಅವರದ್ದು ನಾನು ಕೊಡ್ತೇನೆ" ಎನ್ನಬೇಕು, ಅಷ್ಟೇ. ಆದರೆ ಎದ್ದರೆ ಹರೀಶ ನಗುತ್ತಾನೆ. ಮ್ಯೂಸಿಯಮ್ಮಿನ ಮಾತು ಎತ್ತುತ್ತಾನೆ. ಅಂದು ನಕ್ಕವರೆಲ್ಲ ಇಂದು ನನ್ನನ್ನು ನೋಡಿ ನಗುತ್ತಾರೆ. ಅವನು ಹೇಗೂ ಅವರನ್ನು ಬಿಟ್ಟುಬಿಡುತ್ತಾನೆ, ಒಳ್ಳೆಯ ಹುಡುಗ, ಎಂದು ನನಗೆ ನಾನೇ ಹೇಳಿಕೊಂಡು ಕಿಟಕಿಯ ಹೊರಗೆ ನೋಡತೊಡಗಿದೆ. ಹೊರಗೆ ಒಂದು ಟೈರಿನ ಅಂಗಡಿ ಇತ್ತು. ಅಷ್ಟು ಶ್ರದ್ಧೆಯಿಂದ ನಾನು ಟೈರುಗಳನ್ನು ಯಾವತ್ತೂ ನೋಡಿದವನಲ್ಲ. ಬಸ್ಸು ನಿಂತಿತು, ವಿಸಿಲ್ ಕೇಳಿಸಿತು, ಬಸ್ಸು ಹೊರಟಿತು.

ಹರೀಶ ಹಿಂದೆ ಬಂದ. ಮ್ಯೂಸಿಯಮ್ಮಿನ ಮಾತು ಎತ್ತಲಿಲ್ಲ. "ಮಾಸ್ಟ್ರೇ, ಕ್ಯಾಶ್ ಉಂಟಾ? ಆ ಬಾಯಿಅಮ್ಮನಿಗೆ ನಾನು ಇಳಿಯಿರಿ ಅಂತ ಹೇಳ್ಲಿಲ್ಲ, ಕೂತ್ಕೊಳ್ಳಿ ಅಂತಲೇ ಹೇಳಿದೆ. ಟಿಕೆಟ್ ಇಲ್ಲದೆ ಕೂತುಕೊಂಡು ಅಭ್ಯಾಸ ಇಲ್ಲ ಅಂತ ಅವರೇ ಇಳಿದ್ರು" ಎಂದ. ನಾನು ನೂರರ ನೋಟು ಕೊಟ್ಟೆ. ಅವನು ಒಂದು ರೂಪಾಯಿಯೂ ಕಡಿಮೆಯಿಲ್ಲದಂತೆ ಚಿಲ್ಲರೆ ಎಣಿಸಿ ಕೊಟ್ಟ.

ಸಂಜೆ ಮನೆಗೆ ಬಂದಾಗ ವಸಂತಿ ಗೇಟಿನಲ್ಲೇ ನಿಂತಿದ್ದಳು. ಪೊರ್ಬುಗಳು ತೀರಿಕೊಂಡಿದ್ದರು. ಬೆಳಿಗ್ಗೆ ಆಸ್ಪತ್ರೆಯಿಂದ, "ಬೇಗ ಬನ್ನಿ, ಡಾಕ್ಟ್ರು ಮಾತಾಡಬೇಕಂತೆ" ಎಂದು ಫೋನು ಬಂದಿತ್ತಂತೆ. ಮನೆಗೆ ಕಳಿಸುತ್ತಾರೆ ಎಂದುಕೊಂಡ ಫೆಲ್ಸಿ ಬಾಯಿ ಗಂಡನನ್ನು ಕರೆತರಲು ಬಟ್ಟೆ, ಹೊದಿಕೆ ಎಲ್ಲ ತುಂಬಿಸಿಕೊಂಡು ಹೊರಟಿದ್ದರು. ಯೆಯ್ಯಾಡಿಯಿಂದ ಆಸ್ಪತ್ರೆಗೆ ಆ ಬಿಸಿಲಿನಲ್ಲಿ ನಡೆದು ಮುಟ್ಟುವಾಗ ಎಲ್ಲ ಮುಗಿದು ಹತ್ತು ನಿಮಿಷವಾಗಿತ್ತು. ಕೊನೆಗೆ ಪೊರ್ಬುಗಳು ಬಾಗಿಲ ಕಡೆಗೇ ನೋಡುತ್ತಿದ್ದರು ಎಂದು ನರ್ಸು ಹೇಳಿದಳಂತೆ. ಇದನ್ನೆಲ್ಲ ಹೇಳಿ ವಸಂತಿ, "ಬಸ್ಸಿನಲ್ಲಿ ಗುರ್ತದವರು ಒಬ್ಬರೂ ಇರಲಿಲ್ಲವಾ ಮಾರಾಯ್ರೇ!" ಎಂದು ಕಣ್ಣೊರಸಿಕೊಂಡಳು. ನಾನು ಚಪ್ಪಲಿ ಬಿಚ್ಚುವುದರಲ್ಲಿ ಮಗ್ನನಾದೆ.

ಇಗರ್ಜಿಗೆ ಹೋದೆ, ಮಣ್ಣು ಹಾಕಿದೆ, ಪೊರ್ಬುಗಳೇ ಹೊಲಿದ ಪ್ಯಾಂಟು ಹಾಕಿಕೊಂಡೇ. ಫೆಲ್ಸಿ ಬಾಯಿಯ ಎದುರು ನಿಲ್ಲಲು ಮಾತ್ರ ಧೈರ್ಯ ಬರಲಿಲ್ಲ. ಹಾಲು ತರಲು ಹಿಂದಿನ ಓಣಿಯಿಂದ ಹೋಗತೊಡಗಿದೆ. ನಿದ್ದೆ ಕೆಟ್ಟಿತು. ಪೊರ್ಬುಗಳ ತಿಂಗಳ ಪೂಜೆಯೂ ಕಳೆದ ಮೇಲೆ ಒಂದು ದಿನ, ಹೇಳಿಯೇಬಿಡುತ್ತೇನೆ, ಬೈದರೆ ಬೈಯಲಿ, ಮುಖಕ್ಕೆ ಉಗಿದರೂ ಸರಿ ಎಂದು ನಿಶ್ಚಯಿಸಿ ಅವರ ಜಗಲಿ ಹತ್ತಿದೆ. ಅವರು ಗಂಡನ ಹೊಲಿಗೆ ಮೆಷಿನ್ನಿನ ಧೂಳು ಒರೆಸುತ್ತಿದ್ದರು.

"ಬಾಯಿ, ಆವತ್ತು ಬಸ್ಸಿನಲ್ಲಿ..." ಎಂದೆ.

"ಗೊತ್ತುಂಟು ಮಾಸ್ಟ್ರೇ. ಇಳಿದ ಮೇಲೆ ಹಿಂದೆ ತಿರುಗಿ ನೋಡಿದೆ. ನೀವು ಕಿಟಕಿಯಲ್ಲಿ ಇದ್ರಿ."

ನಾನು ಜಗಲಿಯಿಂದ ಒಂದು ಮೆಟ್ಟಿಲು ಕೆಳಗಿಳಿದೆ.

"ಪಾಪ, ನಿಮ್ಮ ಹತ್ತಿರವೂ ಆ ಕಾರ್ಡು ಮಾತ್ರ ಅಲ್ಲವಾ? ಕಿಸೆಯಲ್ಲಿ ಪೈಸೆ ಇಡುವುದಿಲ್ಲ ಅಂತ ನೀವೇ ಹೇಳಿದ್ದು. ನಡೆದುಕೊಂಡು ಹೋಗುವಾಗ ನನಗೆ ಅದೇ ಬೇಜಾರು. ನನ್ನದಾದರೆ ಅಭ್ಯಾಸದ ಕಾಲು, ಮಾಸ್ಟ್ರನ್ನೂ ಮುಂದೆ ಎಲ್ಲಿಯಾದರೂ ಇಳಿಸಿದರೆ ಆ ಬಿಸಿಲಿಗೆ ಎಂತ ಮಾಡುವುದು ಅಂತ. ನೀವೂ ಇಳಿಯಬೇಕಾಯ್ತಾ?"

ಇನ್ನೂರು ಸಲ ಅಭ್ಯಾಸ ಮಾಡಿಕೊಂಡು ಹೋಗಿದ್ದ ಮಾತು ನಾಲಗೆಯ ತುದಿಯಲ್ಲೇ ಇತ್ತು.

"ಹೌದು ಬಾಯಿ" ಎಂದೆ. "ಮುಂದಿನ ಸ್ಟಾಪಿನಲ್ಲಿ."

"ಅಯ್ಯೋ ದೇವಾ! ನಡೆದ್ರಾ?"

"ನಡೆದೆ."

ಅವರು ಒಳಗೆ ಹೋಗಿ ದೊಡ್ಡ ಗ್ಲಾಸಿನ ತುಂಬ ಪುನರ್ಪುಳಿ ಶರಬತ್ತು ತಂದು ನನ್ನ ಕೈಗಿಟ್ಟರು. ಬಿಸಿಲಿನಲ್ಲಿ ಬಹಳ ದೂರ ನಡೆದು ದಣಿದವನ ಹಾಗೆ, ಒಂದು ತೊಟ್ಟೂ ಬಿಡದೆ ಕುಡಿದೆ.