ಊರಿಗೆಲ್ಲ ಒಂದೇ ನಂಬರು

ಬೇರೆಯವರ ಗುಟ್ಟು ತಿಳಿದಿದ್ದೂ ಏನೂ ತಿಳಿಯದವಳ ಹಾಗೆ ಮುಖ ಇಟ್ಟುಕೊಂಡು ಓಡಾಡುವುದು ಎಷ್ಟು ಕಷ್ಟದ ಕೆಲಸ ಎಂಬುದು ಅದನ್ನು ಮಾಡಿದವರಿಗೇ ಗೊತ್ತು. ನಾನು ಹದಿನಾಲ್ಕು ವರ್ಷದಿಂದ ಮಾಡುತ್ತಿದ್ದೇನೆ. ಹಾಗಂತ ನಾನು ಡಾಕ್ಟರಲ್ಲ, ವಕೀಲೆಯಲ್ಲ, ಪೊಲೀಸಂತೂ ಅಲ್ಲವೇ ಅಲ್ಲ. ಕೆ.ಆರ್. ನಗರದಿಂದ ಚುಂಚನಕಟ್ಟೆಗೆ ಹೋಗುವ ರಸ್ತೆಯಲ್ಲಿ ಎಡಕ್ಕೆ ತಿರುಗಿ ಒಳಗೆ ಹೋದರೆ ಸಿಗುವ ಊರೊಂದರ ಪಂಚಾಯ್ತಿ ಲೈಬ್ರರಿ ನೋಡಿಕೊಳ್ಳುವವಳು. ಆದರೂ ಯಾರ ಮನೆಯ ಸಿಲಿಂಡರ್ ಯಾವತ್ತು ಹೊರಟಿತು, ಯಾರ ಸೊಸೆಗೆ ಎಷ್ಟನೇ ತಿಂಗಳ ಇಂಜೆಕ್ಷನ್, ಯಾರ ಮಗ ಮೈಸೂರಿನಲ್ಲಿ ಹೆಲ್ಮೆಟ್ ಇಲ್ಲದೆ ಕ್ಯಾಮೆರಾ ಕಣ್ಣಿಗೆ ಬಿದ್ದ ಎಂಬುದೆಲ್ಲ ಆ ಮನೆಯವರಿಗಿಂತ ಮೊದಲು ನನಗೆ ಗೊತ್ತಾಗುತ್ತದೆ. ಕಾರಣ ಇಷ್ಟೇ. ಊರಿನ ಮುಕ್ಕಾಲು ಪಾಲು ಅರ್ಜಿಗಳಲ್ಲಿ ಮೊಬೈಲ್ ಸಂಖ್ಯೆ ಎಂದು ಬರೆದ ಜಾಗದಲ್ಲಿ ಇರುವುದು ನನ್ನ ನಂಬರು.

ಇದು ಶುರುವಾದ ಕಾಲಕ್ಕೆ ನಮ್ಮೂರಲ್ಲಿ ಸಿಗ್ನಲ್ ಸಿಗುತ್ತಿದ್ದದ್ದು ನಮ್ಮ ಮನೆ ತಾರಸಿಯ ನೀರಿನ ಟ್ಯಾಂಕಿನ ಪಕ್ಕದಲ್ಲಿ ಮಾತ್ರ. ಗಂಡಸರ ಹತ್ತಿರ ಫೋನು ಇತ್ತು, ಆದರೆ ಹೊಸ ಆಫರ್ ಬಂದಾಗಲೆಲ್ಲ ಸಿಮ್ ಬದಲಾಯಿಸುತ್ತಿದ್ದರು. ಹೆಂಗಸರ ಹತ್ತಿರ ಫೋನೇ ಇರಲಿಲ್ಲ. ನನ್ನದು ಇಲಾಖೆಯ ಕಾಗದಕ್ಕೆ ಬರೆದುಕೊಟ್ಟ ನಂಬರು, ಬದಲಾಗುವ ಹಾಗಿಲ್ಲ. ಹೀಗಾಗಿ ಒಬ್ಬರು ಬಂದು ನಿಮ್ಮ ನಂಬರು ಹಾಕ್ಕೊಳ್ಳಲಾ ಎಂದು ಕೇಳಿದರು, ಹ್ಞೂಂ ಅಂದೆ. ಇನ್ನೊಬ್ಬರು ಬಂದರು, ಅವರಿಗೂ ಹ್ಞೂಂ ಅಂದೆ. ಇಲ್ಲ ಎನ್ನುವುದು ನನ್ನ ಜಾಯಮಾನದಲ್ಲೇ ಬಂದಿಲ್ಲ. ಒಂದು ಸಲ ಬೆನ್ನು ನೋವೆಂದು ಆಸ್ಪತ್ರೆಗೆ ಹೋಗಿ ಚೀಟಿ ಮಾಡಿಸುವ ಕಿಟಕಿಯಲ್ಲಿ ನನ್ನ ನಂಬರು ಹೇಳಿದೆ. ಕಂಪ್ಯೂಟರ್ ನೋಡುತ್ತಿದ್ದ ಹುಡುಗಿ ತಲೆಯೆತ್ತಿ, ಇದೇ ನಂಬರಿನಲ್ಲಿ ಹನ್ನೊಂದು ಹೆರಿಗೆ ಆಗಿವೆಯಲ್ಲ ಮೇಡಂ ಎಂದಳು. ಬೆನ್ನು ನೋವಿಗೆ ಬೇರೆ ಕಾರಣ ಹುಡುಕುವುದೇ ಬೇಡ ಎನ್ನುವ ಹಾಗೆ ನನ್ನನ್ನೇ ನೋಡುತ್ತಿದ್ದಳು.

ಇಷ್ಟರ ಮೇಲೆ ನನಗೊಂದು ಚಟವಿದೆ. ಲೈಬ್ರರಿಗೆ ಪೇಪರು ಬಂದ ಕೂಡಲೇ ಎಲ್ಲರೂ ಜಿಲ್ಲೆಯ ಸುದ್ದಿ ನೋಡಿದರೆ ನಾನು ತಂತ್ರಜ್ಞಾನದ ಪುಟ ತೆಗೆಯುತ್ತೇನೆ. ಓದಿದ್ದು ಅರ್ಧ ಅರ್ಥವಾಗುತ್ತದೆ, ಅಭಿಪ್ರಾಯ ಮಾತ್ರ ಪೂರ್ತಿ ಹುಟ್ಟುತ್ತದೆ. ಫೋನಿಗೆ ಒಂದು ಟಾರ್ಚ್ ಆ್ಯಪ್ ಹಾಕಿಕೊಳ್ಳಲು ಹೋದರೆ ಅದು ನನ್ನ ಫೋನಿನಲ್ಲಿರುವ ಎಲ್ಲರ ನಂಬರು ನೋಡಬಹುದೇ ಎಂದು ಕೇಳಿತು. ಬೆಳಕು ಬಿಡುವುದಕ್ಕೆ ನನ್ನ ತವರಿನವರ ನಂಬರೇಕೆ? ಮಂಡಿ ನೋವಿನ ಎಣ್ಣೆ ಯಾವುದು ಒಳ್ಳೆಯದೆಂದು ಒಂದೇ ಒಂದು ಸಲ ಹುಡುಕಿದ್ದಕ್ಕೆ ಇವತ್ತಿಗೂ ಏನು ತೆಗೆದರೂ ಯಾರದೋ ಮಂಡಿ ಮುಂದೆ ಬಂದು ನಿಲ್ಲುತ್ತದೆ. ಇನ್ನು ಆ ‘ಒಪ್ಪುತ್ತೇನೆ’ ಎಂಬ ಗುಂಡಿ. ಅದನ್ನು ಒತ್ತುವ ಮೊದಲು ಮೇಲಿರುವುದನ್ನೆಲ್ಲ ಓದಬೇಕೆಂದು ಲೇಖನಗಳು ಹೇಳುತ್ತವೆ. ಪುಸ್ತಕದ ಮಧ್ಯೆ ಇರುವವಳು ನಾನು, ಓದುವುದಕ್ಕೆ ಹೆದರುತ್ತೇನೆಯೇ? ಕೂತು ಓದತೊಡಗಿದೆ. ಬ್ಯಾಟರಿ ಮುಗಿಯಿತು, ಷರತ್ತು ಮುಗಿಯಲಿಲ್ಲ.

ಈ ಜ್ಞಾನವನ್ನೆಲ್ಲ ಒಬ್ಬಳೇ ಇಟ್ಟುಕೊಳ್ಳುವುದು ಸರಿಯಲ್ಲವೆಂದು ಸ್ತ್ರೀಶಕ್ತಿ ಸಂಘದವರನ್ನು ಲೈಬ್ರರಿಗೆ ಕರೆಸಿ ಖಾಸಗಿತನದ ಬಗ್ಗೆ ಭಾಷಣವನ್ನೂ ಮಾಡಿದ್ದೆ. ಫೋನಿಗೆ ಬರುವ ಓಟಿಪಿಯನ್ನು ಯಾವ ಕಾರಣಕ್ಕೂ ಯಾರಿಗೂ ಹೇಳಬಾರದು ಎಂದು ಮೇಜು ಕುಟ್ಟಿ ಹೇಳಿದೆ. ನಮ್ಮ ಹಿಂದಿನ ಬೀದಿಯ ಜಯಮ್ಮ ಬಹಳ ಹೊತ್ತು ಯೋಚನೆ ಮಾಡಿ ಎದ್ದು ನಿಂತಳು.

“ಅಕ್ಕ, ನಮ್ ಓಟಿಪಿ ಎಲ್ಲ ಬರೋದು ನಿಮ್ ಫೋನ್ಗೆ. ಅಂಗಾರೆ ಇನ್ಮೇಲೆ ನೀವು ನಮ್ಗೂ ಏಳಂಗಿಲ್ವಾ?”

ನಾನು ಟೀ ಬಂತು, ಎಲ್ಲರೂ ಕುಡಿಯಿರಿ ಎಂದೆ. ಇಂಥ ಹೊತ್ತಿನಲ್ಲಿ ಟೀಯಷ್ಟು ಉಪಕಾರಿ ಇನ್ನೊಂದಿಲ್ಲ.

ಹೀಗಿರುವಾಗ ಈಚೆಗೆ ಒಂದು ಬೆಳಗ್ಗೆ ಪೇಪರಿನಲ್ಲಿ, ವಾರಕ್ಕೊಂದು ದಿನ ಫೋನನ್ನು ಮುಟ್ಟದೆ ಇರಬೇಕು, ಅದರಿಂದ ಮನಸ್ಸು ತಿಳಿಯಾಗುತ್ತದೆ ಎಂಬ ಲೇಖನ ಬಂತು. ಓದುತ್ತ ಓದುತ್ತ ಕಣ್ಣು ತುಂಬಿ ಬಂತು. ಹದಿನಾಲ್ಕು ವರ್ಷದಿಂದ ಟಣ್ ಎಂದಾಗಲೆಲ್ಲ ಒಲೆ ಸಣ್ಣ ಮಾಡಿ ಓಡಿದವಳು ನಾನು. ಮರುದಿನವೇ ಹೆಗ್ಗಡದೇವನಕೋಟೆಯಲ್ಲಿ ನನ್ನ ತಂಗಿಯ ಮಗುವಿಗೆ ಕಿವಿ ಚುಚ್ಚುವ ಶಾಸ್ತ್ರವಿತ್ತು. ಇದಕ್ಕಿಂತ ಒಳ್ಳೆಯ ದಿನ ಎಲ್ಲಿ ಸಿಕ್ಕೀತು? ಫೋನು ಎದುರಿಗಿದ್ದರೆ ಕೈ ಸುಮ್ಮನಿರುವುದಿಲ್ಲವೆಂದು ಅಕ್ಕಿ ಡ್ರಮ್ಮಿನೊಳಗೆ ಇಟ್ಟು ಮುಚ್ಚಳ ಹಾಕಿದೆ. ಯಾರಿಗೂ ಹೇಳಲಿಲ್ಲ. ಹೇಳಿದರೆ ಬೇಡ ಎನ್ನುತ್ತಾರೆ, ಬೇಡ ಎಂದರೆ ನಾನು ಸರಿ ಎನ್ನುತ್ತೇನೆ. ಬಸ್ಸು ಹುಣಸೂರು ದಾಟುವಷ್ಟರಲ್ಲಿ ಎಷ್ಟು ಹಗುರವಾಗಿದ್ದೆ ಎಂದರೆ ಪಕ್ಕದಲ್ಲಿ ಕೂತಿದ್ದ ಗುರುತಿಲ್ಲದ ಹೆಂಗಸಿಗೂ ಖಾಸಗಿತನದ ಬಗ್ಗೆ ನಾಲ್ಕು ಮಾತು ಹೇಳಿದೆ. ಆಕೆ ಮುಂದಿನ ಸ್ಟಾಪಿನಲ್ಲಿ ಇಳಿದುಹೋದಳು. ಅವಳ ಊರೇ ಅದಿರಬೇಕು ಎಂದುಕೊಂಡೆ.

ಅತ್ತ ಊರಲ್ಲಿ ನಡೆದದ್ದನ್ನು ಆಮೇಲೆ ಹತ್ತು ಬಾಯಿಂದ ಕೇಳಿ ಜೋಡಿಸಿಕೊಂಡಿದ್ದೇನೆ. ಜಯಮ್ಮನ ಮಗಳು ರಶ್ಮಿ ಪಿಯುಸಿ ಮುಗಿಸಿ ನರ್ಸಿಂಗ್‌ಗೆ ಅರ್ಜಿ ಹಾಕಿದ್ದಳು. ಮೈಸೂರಿನಲ್ಲಿ ಸೀಟು ಬಂದಿತ್ತು. ಒಪ್ಪಿಕೊಂಡಿದ್ದೇನೆ ಎಂದು ಆ ದಿನ ಸಂಜೆ ಐದರೊಳಗೆ ವೆಬ್‌ಸೈಟಿನಲ್ಲಿ ಒತ್ತಬೇಕು, ಇಲ್ಲದಿದ್ದರೆ ಸೀಟು ಮುಂದಿನವರ ಪಾಲು. ಹುಡುಗಿಯನ್ನು ಅಷ್ಟು ದೂರ ಹಾಸ್ಟೆಲಿಗೆ ಬಿಡುವುದೋ ಬೇಡವೋ ಎಂದು ಅವಳಪ್ಪ ಮೂರು ದಿನ ಮೀನ ಮೇಷ ಎಣಿಸಿ, ಕೊನೆಯ ದಿನ ನಾಲ್ಕು ಗಂಟೆಗೆ ಆಗಲಿ ಹೋಗು ಎಂದಿದ್ದ. ರಶ್ಮಿಯ ಹತ್ತಿರ ಈಗ ಅವಳದೇ ಫೋನಿದೆ. ಆದರೆ ಅರ್ಜಿ ತುಂಬುವಾಗ ಭದ್ರವಾಗಿರಲಿ ಎಂದು ಅವಳಮ್ಮ ನನ್ನ ನಂಬರನ್ನೇ ಹಾಕಿಸಿದ್ದಳು. ಓಟಿಪಿ ಮೂರು ಸಲ ಮಾತ್ರ ಬರುತ್ತದೆ, ಬಂದದ್ದು ಹತ್ತು ನಿಮಿಷ ಬಾಳುತ್ತದೆ. ಎಂದಿನಂತೆ ಮೊದಲು ಗುಂಡಿ ಒತ್ತಿ, ಆಮೇಲೆ ತಾಯಿ ಮಗಳು ನಮ್ಮ ಮನೆಗೆ ನಡೆದು ಬಂದರು. ಬಾಗಿಲಿಗೆ ಬೀಗ.

ನನ್ನ ನಂಬರಿಗೆ ಫೋನ್ ಮಾಡಿದರೆ ಮನೆಯೊಳಗಿಂದಲೇ ಶಬ್ದ ಬಂತಂತೆ. ಗದ್ದೆಯಲ್ಲಿ ಕಳೆ ತೆಗೆಸುತ್ತಿದ್ದ ನನ್ನ ಗಂಡ ನಿಂಗರಾಜುವನ್ನು ಕರೆಸಿ ಬೀಗ ತೆಗೆಸುವ ಹೊತ್ತಿಗೆ ಮೊದಲನೆಯ ಓಟಿಪಿಯ ಆಯಸ್ಸು ಮುಗಿದಿತ್ತು. ಶಬ್ದ ಹಿಡಿದು ಹೋದ ಹೆಂಗಸರು ಅಕ್ಕಿ ಡ್ರಮ್ಮಿನ ಮುಚ್ಚಳ ತೆಗೆದು ಅಯ್ಯೋ ಎಂದರು. ನೀರಿಗೆ ಬಿದ್ದ ಫೋನನ್ನು ನಮ್ಮಲ್ಲಿ ಅಕ್ಕಿಯೊಳಗೆ ಹೂತಿಡುವುದು ವಾಡಿಕೆ. ಲೈಬ್ರರಿ ಅಕ್ಕನ ಫೋನು ನೀರಿಗೆ ಬಿದ್ದಿದೆಯಂತೆ ಎಂಬ ಸುದ್ದಿ ಬೀದಿಗೆಲ್ಲ ಹಬ್ಬಿ, ನೋಡಲು ಜನ ಸೇರಿದರು. ರಶ್ಮಿ ಎರಡನೆಯ ಸಲ ಒತ್ತಿದಳು. ಫೋನು ಟಣ್ ಎಂದಿತು. ಆದರೆ ಪರದೆಯ ಮೇಲೆ ಅಂಕಿ ಕಾಣಿಸಲಿಲ್ಲ. ಬೀಗ ಹಾಕಿದ ಫೋನಿನಲ್ಲಿ ಮೆಸೇಜಿನ ಒಳಗಿನದು ಕಾಣಿಸಬಾರದು ಎಂದು ಯಾವುದೋ ಲೇಖನ ಓದಿ ನಾನೇ ಹಾಗೆ ಮಾಡಿಟ್ಟಿದ್ದೆ. ನೀವೇ ಬೀಗ ತೆಗೆದುಕೊಡಿ ಎಂದು ನನ್ನ ಗಂಡನ ಕೈಗೆ ಫೋನು ಕೊಟ್ಟರೆ, ಅದರ ನಂಬರು ನಂಗೇನು ಗೊತ್ತು ಎಂದರಂತೆ. ನನ್ನ ವಿಷಯದಲ್ಲಿ ಅವರಿಗೆ ಅಂಥ ಕುತೂಹಲವೇನೂ ಉಳಿದಿಲ್ಲ. ತಂಗಿಯ ಫೋನಿಗೆ ಮಾಡಿದರೆ ವ್ಯಾಪ್ತಿ ಪ್ರದೇಶದ ಹೊರಗೆ. ಹೆಗ್ಗಡದೇವನಕೋಟೆಯಿಂದ ಆಚೆ ಕಾಡಂಚಿನಲ್ಲಿರುವ ಮನೆ ಅವರದು, ಅಂಗಳಕ್ಕೆ ಬಂದರೆ ಸಿಗ್ನಲ್, ಒಳಗೆ ಹೋದರೆ ಇಲ್ಲ. ಮಾಡಿ ಮಾಡಿ ಎರಡನೆಯ ಓಟಿಪಿಯೂ ಹೋಯಿತು.

ತಂಗಿ ಅಂಗಳದಲ್ಲಿ ಕೈ ತೊಳೆಯಲು ಬಂದಾಗ ಅವಳ ಫೋನು ಬಡಿದುಕೊಂಡಿತು. ಅಕ್ಕ, ಭಾವ, ಎಂದು ನನ್ನ ಕೈಗೆ ಕೊಟ್ಟಳು. ನನ್ನ ಗಂಡ ಒಂದೇ ಉಸಿರಿಗೆ ಎಲ್ಲ ಹೇಳಿದರು. ಮೂರನೆಯದು ಬಂದಿದೆ, ಇದೇ ಕೊನೆ, ಐದಕ್ಕೆ ಏಳು ನಿಮಿಷ ಇದೆ. ರಶ್ಮಿ ಮೂರನೇ ಕ್ಲಾಸಿನಿಂದ ನನ್ನ ಲೈಬ್ರರಿಯ ಮೂಲೆಯಲ್ಲಿ ಕೂತು ಓದಿದ ಹುಡುಗಿ. ಅವಳ ಸೀಟು ನನ್ನ ಅಕ್ಕಿ ಡ್ರಮ್ಮಿನಲ್ಲಿ ಕೂತಿತ್ತು. ಆದರೂ ಕೇಳಿ, ಅಂಥ ಹೊತ್ತಿನಲ್ಲೂ ನನಗೆ ಮೊದಲು ನೆನಪಾದದ್ದು ಖಾಸಗಿತನವೇ. ಎಲ್ಲರನ್ನೂ ಆಚೆ ಕಳಿಸಿ, ಫೋನನ್ನು ಕಿವಿಗೆ ಒತ್ತಿ ಹಿಡಿದುಕೊಳ್ಳಿ, ನಾಲ್ಕು ಅಂಕಿ ಹೇಳುತ್ತೇನೆ, ನೀವು ಗಟ್ಟಿಯಾಗಿ ಹೇಳಬೇಡಿ ಎಂದು ಪಿಸುಗುಟ್ಟಿದೆ. ಸ್ಪೀಕರ್ ಹಾಕಿದ್ದರೆಂದು ನನಗೆ ಗೊತ್ತಿರಲಿಲ್ಲ. ಇಡೀ ಬೀದಿ ಕೇಳಿಸಿಕೊಂಡಿತ್ತು. ಫೋನು ಜಯಮ್ಮನ ಕೈಗೆ ಹೋಯಿತು.

“ಅಕ್ಕ, ನಂಬ್ರು ಬ್ಯಾಡ ಕಣಕ್ಕ. ಅದು ನಮ್ಗೆಲ್ಲ ಗೊತ್ತು. ತಗೀಬೋದಾ ಅಂತ ಕೇಳಾಕೆ ಫೋನ್ ಮಾಡ್ಸಿದ್ದು.”

“ಗೊತ್ತಿದ್ರೆ ಆಗ್ಲೇ ತೆಗೀಬಾರ್ದಿತ್ತಾ ಜಯಮ್ಮ? ಎರಡು ಸಲ ಹೋಯ್ತಲ್ಲ.”

“ನಿಮ್ಮುನ್ನ ಕೇಳ್ದೆ ಎಂಗಕ್ಕ ತಗೀದು? ಅದ್ರೊಳ್ಗೆ ನಿಮ್ದೂ ಏನಾರ ಇರ್ತದಲ್ಲ.”

ತೆಗೀರಿ, ತೆಗೀರಿ ಎಂದು ನಾನು ಕೂಗಿದ ಕೂಗಿಗೆ ಆಗ ತಾನೆ ಸಮಾಧಾನವಾಗಿದ್ದ ಮಗು ಮತ್ತೆ ಅಳತೊಡಗಿತು. ಅತ್ತ ಯಾರೋ ಅಂಕಿಗಳನ್ನು ಓದುವುದು, ಇನ್ಯಾರೋ ಇನ್ನೊಂದ್ಸಲ ಓದು ಎನ್ನುವುದು ಕೇಳಿಸಿತು. ನಾನು ಅಂಗಳದಲ್ಲಿ ಅಲ್ಲಾಡದೆ ನಿಂತೆ. ಒಂದು ಹೆಜ್ಜೆ ಈಚೆಗೆ ಬಂದರೆ ಸಿಗ್ನಲ್ ಹೋದೀತು ಎಂಬ ಭಯ. ಕೊನೆಗೆ ರಶ್ಮಿಯ ದನಿ ಬಂತು. ಆಯ್ತು ಆಂಟಿ, ಎಂದಳು. ಅಷ್ಟು ಹೇಳಿ ಅಳುವುದಕ್ಕೆ ಶುರು ಮಾಡಿದಳು. ನಾನೂ ಅತ್ತೆ. ಸುತ್ತ ಇದ್ದವರು ಮಗುವಿನ ಕಿವಿ ನೋಡಲಾರದೆ ಅಳುತ್ತಿದ್ದಾಳೆ, ಎಷ್ಟು ಮೆದು ಮನಸ್ಸು ಎಂದುಕೊಂಡರು. ನಾನು ತಿದ್ದಲಿಲ್ಲ.

ವಾಪಸು ಬರುವ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿದರೂ ನೆಮ್ಮದಿಯಿಲ್ಲ. ಬೀಗದ ನಂಬರು ಊರಿಗೆಲ್ಲ ಹೇಗೆ ಗೊತ್ತಾಯಿತೆಂದು ಯೋಚಿಸುತ್ತಿದ್ದವಳಿಗೆ ತಟ್ಟನೆ ಹೊಳೆಯಿತು. ರಿಜಿಸ್ಟರಿಗೆ ಪುಸ್ತಕದ ನಂಬರು ಬರೆಯುವಾಗ ನಾನು ಒಂದೊಂದೇ ಅಂಕಿಯನ್ನು ಬಾಯಲ್ಲಿ ಹೇಳಿಕೊಂಡೇ ಬರೆಯುವುದು. ಫೋನಿನ ಬೀಗ ತೆಗೆಯುವಾಗಲೂ ಹಾಗೇ ಹೇಳುತ್ತಿದ್ದೆನಲ್ಲ, ಎದುರಿಗೆ ಓಟಿಪಿಗಾಗಿ ಕಾಯುತ್ತ ಕೂತವರಿಗೆ ಕಿವಿಯಿಲ್ಲವೇ? ಹಾಗಾದರೆ ವರ್ಷಗಟ್ಟಲೆ ನನ್ನ ಫೋನು ಊರಿನ ಮುಂದೆ ಬಾಗಿಲು ತೆರೆದೇ ಬಿದ್ದಿತ್ತು. ಲೈಬ್ರರಿ ಮೇಜಿನ ಮೇಲೆ ಬಿಟ್ಟು ನಾನು ಊಟಕ್ಕೆ ಹೋಗಿದ್ದುಂಟು. ಒಬ್ಬರೂ ಮುಟ್ಟಿರಲಿಲ್ಲ. ಮಗಳ ಸೀಟು ಕೈತಪ್ಪುವ ಹೊತ್ತಿನಲ್ಲೂ ಜಯಮ್ಮ ಕೇಳಿಯೇ ತೆಗೆದಳು. ನಾನೋ, ಅವರ ಒಂದೊಂದು ಮೆಸೇಜನ್ನೂ ಬಂದ ಕೂಡಲೇ ಬಿಚ್ಚಿ, ಓಟಿಪಿ ಮಾತ್ರವಲ್ಲ, ಹಿಂದಿನದು ಮುಂದಿನದು ಎಲ್ಲ ಓದಿ, ಕೆಲವನ್ನು ಎರಡು ಸಲ ಓದಿದವಳು. ಓದಲೇ ಎಂದು ಒಬ್ಬರನ್ನೂ ಕೇಳಿದವಳಲ್ಲ. ನನಗೆ ನಿಜವಾಗಿಯೂ ನಾಚಿಕೆಯಾಯಿತು. ಮೇಜು ಕುಟ್ಟಿ ಮಾಡಿದ ಭಾಷಣ ನೆನಪಾಗಿ ಇನ್ನಷ್ಟು ನಾಚಿಕೆಯಾಯಿತು.

ಆ ವಾರದಿಂದ ಶನಿವಾರ ಮಧ್ಯಾಹ್ನ ಲೈಬ್ರರಿಯಲ್ಲಿ ಹೊಸ ಕೆಲಸ ಶುರುವಾಗಿದೆ. ಊರಿನವರ ಅರ್ಜಿ, ಕಾರ್ಡುಗಳಲ್ಲಿರುವ ನನ್ನ ನಂಬರು ತೆಗೆಸಿ ಅವರವರದೇ ಹಾಕಿಸುವುದು. ಹಾಸ್ಟೆಲಿಗೆ ಹೊರಡುವವರೆಗೂ ರಶ್ಮಿ ಕಂಪ್ಯೂಟರಿನ ಮುಂದೆ ಕೂತಳು, ನಾನು ಫಾರಂ ತುಂಬಿದೆ. ಫೋನು ಮುಟ್ಟಲು ಹೆದರುತ್ತಿದ್ದ ಹೆಂಗಸರು ಈಗ ತಮ್ಮ ಮೆಸೇಜನ್ನು ತಾವೇ ಓದಿ, ನನಗೆ ಕಾಣದ ಹಾಗೆ ಅಂಗೈ ಅಡ್ಡ ಹಿಡಿದು, ಅಂಕಿ ಒತ್ತುತ್ತಾರೆ. ನೋಡಲು ಬಹಳ ಚೆನ್ನಾಗಿರುತ್ತದೆ, ಅಂಗೈ ಅಡ್ಡ ಇಲ್ಲದಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು.

ಮೊದಲನೆಯ ಶನಿವಾರ ಸಾಲಿನಲ್ಲಿ ಮೊದಲು ನಿಂತಿದ್ದವಳು ಜಯಮ್ಮ. ಅವಳ ಕಾಗದ ಕೈಗೆ ತೆಗೆದುಕೊಂಡವಳಿಗೆ ತಡೆಯಲಾಗಲಿಲ್ಲ. ಇಷ್ಟು ವರ್ಷ ನಿಮ್ಮೆಲ್ಲರ ಮೆಸೇಜನ್ನೂ ನಾನು ಕೇಳದೇ ಓದುತ್ತಿದ್ದೆ, ತಪ್ಪಾಯಿತು ಎಂದು ಎಲ್ಲರ ಮುಂದೆ ಹೇಳಿಬಿಟ್ಟೆ. ಜಯಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು.

“ನೀವು ಓದ್ತೀರಿ ಅಂತ ನಮ್ಗೊತ್ತಿಲ್ವಾ ಅಕ್ಕ? ಗುಟ್ಟಾಗಿರ್ಬೇಕಾದ್ಕೆಲ್ಲ ನಾವ್ಯಾರೂ ನಿಮ್ ನಂಬ್ರು ಕೊಡ್ತಾನೇ ಇರ್ಲಿಲ್ಲ ಬುಡಿ.”

ಹಿಂದೆ ನಿಂತಿದ್ದವರೆಲ್ಲ ಹೌದು ಹೌದು ಎಂದು ತಲೆಯಾಡಿಸಿದರು. ನನ್ನ ಬೇಜಾರು ಕಳೆಯಲೆಂದೇ ಅವರು ಹಾಗೆ ಮಾಡಿದ್ದು, ಅದು ನನಗೆ ಅರ್ಥವಾಯಿತು. ಆದರೆ ಅಂಥ ಗುಟ್ಟು ಯಾವುದು, ಅದಕ್ಕೆ ಯಾರ ನಂಬರು ಕೊಡುತ್ತಿದ್ದಿರಿ ಎಂಬ ಪ್ರಶ್ನೆ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಕೇಳಿದ್ದರೆ ಜಯಮ್ಮ ಹೇಳಿಯೂ ಬಿಡುತ್ತಿದ್ದಳೇನೋ. ನಾನು ಹಲ್ಲು ಕಚ್ಚಿಕೊಂಡು ಫಾರಂ ತುಂಬಿದೆ.